ಬಿಟ್ಟುಕೊಟ್ಟ ಅಧಿಕಾರ, ಬಿಡದ ಒಡೆತನ: ಅಮೆರಿಕ ಗಣರಾಜ್ಯದ ಮೊದಲ ನಾಲ್ಕು ದಶಕ

1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಅಮೆರಿಕಕ್ಕೆ ಸಂವಿಧಾನ ಬರೆದವರ ನಡುವೆ ನೂರೆಂಟು ತಕರಾರುಗಳಿದ್ದವು. ಪಕ್ಷ ಕಟ್ಟಿ ರಾಜಕಾರಣ ಮಾಡುವುದು ಗಣರಾಜ್ಯಕ್ಕೆ ಕೇಡು ಎಂಬ ವಿಷಯದಲ್ಲಿ ಮಾತ್ರ ಹೆಚ್ಚುಕಡಿಮೆ ಎಲ್ಲರದೂ ಒಂದೇ ಅಭಿಪ್ರಾಯ. ಹಾಗಾಗಿ ಸಂವಿಧಾನದಲ್ಲಿ ಪಕ್ಷಗಳಿಗೆ ಜಾಗವನ್ನೇ ಇಡಲಿಲ್ಲ. ಆದರೆ ಹತ್ತು ವರ್ಷ ತುಂಬುವುದರೊಳಗೆ ಅದೇ ಮಂದಿ ಎರಡು ಪಕ್ಷಗಳಾಗಿ ಒಡೆದಿದ್ದರು. ತಮ್ಮ ಕಡೆಯ ಪತ್ರಿಕೆಗಳಲ್ಲಿ ಒಬ್ಬರ ಮೇಲೊಬ್ಬರು ಕೆಸರೆರಚುತ್ತಿದ್ದರು. ಎದುರಾಳಿ ಬ್ರಿಟನ್ನಿನ ಇಲ್ಲವೇ ಫ್ರಾನ್ಸಿನ ಕೈಗೊಂಬೆ ಎಂದು ಜರೆಯುತ್ತಿದ್ದರು. ಇಷ್ಟಾದರೂ ದೇಶ ಒಡೆಯಲಿಲ್ಲ, ಯಾವ ಸೇನಾನಿಯೂ ಗದ್ದುಗೆ ಹಿಡಿಯಲಿಲ್ಲ. ಅದೇ ಕಾಲದಲ್ಲಿ ಫ್ರಾನ್ಸಿನ ಗಣರಾಜ್ಯ ನೆಪೋಲಿಯನ್ ಕೈ ಸೇರಿತು. ಅಮೆರಿಕದಲ್ಲಿ ಹಾಗಾಗದಿರಲು ಕಾರಣವೇನು?

ಇತಿಹಾಸಕಾರರು ಇದಕ್ಕೆ ಕೊಟ್ಟ ಉತ್ತರಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ನೋಡಬಹುದು. ಮೊದಲನೆಯದು ನಾಯಕರ ಹಿರಿಮೆಯ ಕಥನ. ಜೋಸೆಫ್ ಎಲ್ಲಿಸ್ ಅವರ ‘ಫೌಂಡಿಂಗ್ ಬ್ರದರ್ಸ್’ (2000), ರಾನ್ ಚೆರ್ನೋ ಬರೆದ ಹ್ಯಾಮಿಲ್ಟನ್ ಜೀವನಚರಿತ್ರೆ (2004), ಅದನ್ನಾಧರಿಸಿ 2015ರಲ್ಲಿ ರಂಗಕ್ಕೆ ಬಂದ ಸಂಗೀತ ನಾಟಕ, ಇವೆಲ್ಲ ಈ ಸಾಲಿನವು. ಎರಡನೆಯದು ಹಣದ ಲೆಕ್ಕಾಚಾರ. ಸಂವಿಧಾನ ಬರೆದವರಲ್ಲಿ ಅನೇಕರ ಬಳಿ ಸರ್ಕಾರಿ ಸಾಲಪತ್ರಗಳಿದ್ದವು, ಅವುಗಳ ಬೆಲೆ ಏರಿಸಿಕೊಳ್ಳುವುದೇ ಅವರ ಒಳಗುರಿ ಎಂದು ಚಾರ್ಲ್ಸ್ ಬಿಯರ್ಡ್ 1913ರಲ್ಲಿ ವಾದಿಸಿದರು. 1950ರ ದಶಕದಲ್ಲಿ ಫಾರೆಸ್ಟ್ ಮೆಕ್‌ಡೊನಾಲ್ಡ್ ಮೊದಲಾದವರು ಪ್ರತಿನಿಧಿಗಳ ಆಸ್ತಿಯನ್ನೂ ಮತವನ್ನೂ ತಾಳೆ ನೋಡಿ, ಲೆಕ್ಕ ಅಷ್ಟು ಸರಳವಾಗಿ ಕೂಡುವುದಿಲ್ಲ ಎಂದು ತೋರಿಸಿದರು. ಮೂರನೆಯದು ರಿಚರ್ಡ್ ಹಾಫ್‌ಸ್ಟಾಡ್ಟರ್ 1969ರಲ್ಲಿ ಮುಂದಿಟ್ಟ ವಿಚಾರ. ವಿರೋಧ ಪಕ್ಷವೂ ನ್ಯಾಯವಾದದ್ದೇ ಎಂಬ ತಿಳಿವಳಿಕೆ ಯಾರಿಗೂ ಮೊದಲೇ ಇರಲಿಲ್ಲ, ಎಡವುತ್ತ ಎಡವುತ್ತ ಬಂತು ಎಂಬುದು ಅದರ ತಿರುಳು. ನಾಲ್ಕನೆಯದು ಆನೆಟ್ ಗಾರ್ಡನ್-ರೀಡ್, ಗ್ಯಾರಿ ವಿಲ್ಸ್ ಮೊದಲಾದವರದು. ಈ ಗಣರಾಜ್ಯದ ಅಡಿಪಾಯದಲ್ಲಿ ಗುಲಾಮರ ದುಡಿಮೆ ಇತ್ತೆಂಬುದನ್ನು ಬದಿಗಿಟ್ಟು ಬರೆದ ಯಾವ ಕಥೆಯೂ ಪೂರ್ಣವಲ್ಲ ಎನ್ನುತ್ತಾರೆ ಇವರು.

ಮೂರನೆಯ ಮತ್ತು ನಾಲ್ಕನೆಯ ಉತ್ತರಗಳನ್ನು ಒಟ್ಟಿಗೆ ಓದಿದಾಗ ಆ ಕಾಲ ಸರಿಯಾಗಿ ಕಾಣುತ್ತದೆ. ಅಧಿಕಾರ ಹಿಡಿಯುವುದರಲ್ಲಿ ಆ ನಾಯಕರು ಬೇರೆ ದೇಶದವರಿಗಿಂತ ಭಿನ್ನರಾಗಿರಲಿಲ್ಲ. ಅದನ್ನು ಬಿಟ್ಟುಕೊಡುವುದನ್ನು ಅವರು ಕಲಿತರು. ಆದರೆ ಆ ಕಲಿಕೆ ಒಂದು ಗೆರೆಯ ಬಳಿ ಬಂದು ನಿಂತುಹೋಯಿತು. ಮನುಷ್ಯರ ಮೇಲಿನ, ಮೂಲನಿವಾಸಿಗಳ ನೆಲದ ಮೇಲಿನ ಒಡೆತನದ ಪ್ರಶ್ನೆ ಬಂದಾಗ ಯಾವ ಪಕ್ಷವೂ ಏನನ್ನೂ ಬಿಡಲಿಲ್ಲ.

ರಾಜನಿಲ್ಲದ ನಾಡಿಗೆ ಅಧ್ಯಕ್ಷ

1783ರ ಡಿಸೆಂಬರ್ 23ರಂದು ಜಾರ್ಜ್ ವಾಷಿಂಗ್ಟನ್ ಅನಾಪೊಲಿಸ್‌ನಲ್ಲಿ ಕಾಂಗ್ರೆಸ್ಸಿನ ಮುಂದೆ ನಿಂತು ಸೇನಾಪತಿ ಹುದ್ದೆಗೆ ರಾಜೀನಾಮೆ ಕೊಟ್ಟ. ಯಾರ್ಕ್‌ಟೌನ್‌ನಲ್ಲಿ ಅವನಿಗೆ ಸೋತ ಕಾರ್ನ್‌ವಾಲಿಸ್ ಮುಂದೆ ಭಾರತಕ್ಕೆ ಗವರ್ನರ್ ಜನರಲ್ ಆಗಿ ಬಂದು, 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡದ್ದು ನಮಗೆ ಗೊತ್ತಿರುವ ಕಥೆ. ಗೆದ್ದ ವಾಷಿಂಗ್ಟನ್ ಮಾತ್ರ ಮೌಂಟ್ ವರ್ನನ್‌ನ ತನ್ನ ಎಸ್ಟೇಟಿಗೆ ಮರಳಿದ. ಗೆದ್ದ ಸೇನಾಪತಿ ಮನೆಗೆ ಹೋದನೆಂಬ ಈ ಒಂದು ಸಂಗತಿಯೇ ಮುಂದೆ ಅವನ ದೊಡ್ಡ ಬಂಡವಾಳವಾಯಿತು.

ಆಗಿನ ಒಕ್ಕೂಟಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. 1786ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಸಾಲ, ತೆರಿಗೆಗಳಲ್ಲಿ ಮುಳುಗಿದ್ದ ರೈತರು ಡೇನಿಯಲ್ ಶೇಸ್ ಮುಂದಾಳತ್ವದಲ್ಲಿ ಬಂಡೆದ್ದು ನ್ಯಾಯಾಲಯಗಳನ್ನು ಮುಚ್ಚಿಸಿದಾಗ ಉಳ್ಳವರಿಗೆ ದಿಗಿಲಾಯಿತು. ಫಿಲಡೆಲ್ಫಿಯಾ ಸಭೆಗೆ 55 ಪ್ರತಿನಿಧಿಗಳು ಬಂದರು, ಕೊನೆಗೆ ಸಹಿ ಹಾಕಿದವರು 39. ರೋಡ್ ಐಲೆಂಡ್ ಯಾರನ್ನೂ ಕಳಿಸಲೇ ಇಲ್ಲ. ಅಧ್ಯಕ್ಷನಿಗೆ ಎಷ್ಟು ಅಧಿಕಾರ ಕೊಡಬೇಕೆಂದು ಚರ್ಚಿಸುವಾಗ ಹಲವರ ಕಣ್ಣು ಸಭೆಯ ಅಧ್ಯಕ್ಷಪೀಠದಲ್ಲಿದ್ದ ವಾಷಿಂಗ್ಟನ್ ಮೇಲಿತ್ತು. ಆ ಕುರ್ಚಿಯಲ್ಲಿ ಮೊದಲು ಕೂರುವವನು ಅವನೇ ಎಂಬ ನಂಬಿಕೆಯಿಂದಲೇ ಅವರು ಧಾರಾಳಿಗಳಾದರು. ಅನುಮೋದನೆ ಸುಲಭವಾಗಿರಲಿಲ್ಲ. ವರ್ಜೀನಿಯಾದಲ್ಲಿ 89ಕ್ಕೆ 79, ನ್ಯೂಯಾರ್ಕ್‌ನಲ್ಲಿ 30ಕ್ಕೆ 27 ಮತಗಳಿಂದ ಸಂವಿಧಾನ ಗೆದ್ದಿತು.

1789ರ ಏಪ್ರಿಲ್ 30ರಂದು ನ್ಯೂಯಾರ್ಕ್‌ನಲ್ಲಿ ಪ್ರಮಾಣ ವಚನ ಸ್ವೀಕರಿಸಿದ ವಾಷಿಂಗ್ಟನ್‌ಗೆ ತಾನು ಇಟ್ಟ ಪ್ರತಿ ಹೆಜ್ಜೆಯೂ ರೂಢಿಯಾಗುತ್ತದೆಂಬ ಎಚ್ಚರವಿತ್ತು. ಅಧ್ಯಕ್ಷನನ್ನು ಏನೆಂದು ಕರೆಯಬೇಕೆಂಬ ಬಗ್ಗೆಯೇ ಸೆನೆಟ್ ವಾರಗಟ್ಟಲೆ ಚರ್ಚಿಸಿತು. ಭಾರಿ ಬಿರುದು ಬೇಕೆಂದು ಹಟ ಹಿಡಿದ ಉಪಾಧ್ಯಕ್ಷ ಜಾನ್ ಆಡಮ್ಸ್ ನಗೆಪಾಟಲಾದ. ಉಳಿದದ್ದು ಬರೀ ‘ಮಿಸ್ಟರ್ ಪ್ರೆಸಿಡೆಂಟ್’. ಮೂಲನಿವಾಸಿಗಳೊಂದಿಗಿನ ಒಪ್ಪಂದದ ಬಗ್ಗೆ ಸಲಹೆ ಕೇಳಲು ಆ ವರ್ಷದ ಆಗಸ್ಟ್‌ನಲ್ಲಿ ಅವನು ಖುದ್ದು ಸೆನೆಟ್‌ಗೆ ಹೋದ. ವಿಷಯವನ್ನು ಸಮಿತಿಗೆ ಒಪ್ಪಿಸೋಣ ಎಂದು ಸದಸ್ಯರು ಎಳೆದಾಡಿದಾಗ ಸಿಟ್ಟಾದ. ಆ ಕೆಲಸ ಮುಗಿಸಿದ ಮೇಲೆ ಮತ್ತೆಂದೂ ಹಾಗೆ ಸಲಹೆ ಕೇಳಲು ಹೋಗಲಿಲ್ಲ, ಮುಂದಿನ ಅಧ್ಯಕ್ಷರೂ ಆ ಪದ್ಧತಿಯನ್ನು ಬೆಳೆಸಲಿಲ್ಲ. ಸಂವಿಧಾನದಲ್ಲಿಲ್ಲದ ಸಚಿವ ಸಂಪುಟ ಕೂಡ ಅವನು ಕಾರ್ಯದರ್ಶಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಮಾತಾಡಿದ ರೂಢಿಯಿಂದಲೇ ಹುಟ್ಟಿತು. ಎರಡು ಅವಧಿ ಮುಗಿಸಿ, 1796ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆಯ ಮೂಲಕ ವಿದಾಯ ಹೇಳಿದ. ಈ ಎರಡು ಅವಧಿಯ ರೂಢಿ ಮುರಿದದ್ದು 1940ರಲ್ಲಿ, ಫ್ರಾಂಕ್ಲಿನ್ ರೂಸ್‌ವೆಲ್ಟ್ ಮೂರನೆಯ ಸಲ ಗೆದ್ದಾಗ. ಅದು ಕಾನೂನಾದದ್ದು 1951ರ 22ನೇ ತಿದ್ದುಪಡಿಯಿಂದ.

ಸಾಲದ ಜಗಳದಲ್ಲಿ ಹುಟ್ಟಿದ ಪಕ್ಷಗಳು

ವಾಷಿಂಗ್ಟನ್ ಸಂಪುಟದಲ್ಲೇ ಎರಡು ಪಕ್ಷಗಳ ಬೀಜವಿತ್ತು. ಖಜಾನೆ ನೋಡಿಕೊಳ್ಳುತ್ತಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ವೆಸ್ಟ್ ಇಂಡೀಸ್‌ನಲ್ಲಿ ಹುಟ್ಟಿ, ಸ್ವಂತ ಬುದ್ಧಿಬಲದಿಂದ ಮೇಲೆ ಬಂದವನು. ವಿದೇಶಾಂಗ ಖಾತೆಯ ಥಾಮಸ್ ಜೆಫರ್ಸನ್ ವರ್ಜೀನಿಯಾದ ಜಮೀನ್ದಾರ. ಯುದ್ಧದಿಂದ ಉಳಿದ ಒಕ್ಕೂಟದ ಸಾಲ ಸುಮಾರು 5.4 ಕೋಟಿ ಡಾಲರ್, ರಾಜ್ಯಗಳದು ಇನ್ನೊಂದು 2.5 ಕೋಟಿ. ಇದೆಲ್ಲವನ್ನೂ ಕೇಂದ್ರವೇ ವಹಿಸಿಕೊಂಡು ಮುಖಬೆಲೆಗೆ ಸಮನಾಗಿ ತೀರಿಸಬೇಕೆಂದು ಹ್ಯಾಮಿಲ್ಟನ್ 1790ರಲ್ಲಿ ಸೂಚಿಸಿದ. ಹಾಗೆ ಮಾಡಿದರೆ ಸಾಲ ಕೊಟ್ಟ ಸಿರಿವಂತರ ಹಿತವೂ ಸರ್ಕಾರದ ಹಿತವೂ ಒಂದಾಗುತ್ತವೆ ಎಂಬುದು ಅವನ ಎಣಿಕೆ.

ಆದರೆ ಸಾಲಪತ್ರಗಳ ಮೂಲ ಒಡೆಯರಲ್ಲಿ ಅನೇಕರು ಯುದ್ಧ ಮಾಡಿದ ಸಿಪಾಯಿಗಳು. ಹೊಟ್ಟೆಪಾಡಿಗಾಗಿ ಅವರಲ್ಲಿ ಎಷ್ಟೋ ಮಂದಿ ಆ ಪತ್ರಗಳನ್ನು ಸಿಕ್ಕಿದ ಬೆಲೆಗೆ ಮಾರಿಕೊಂಡಿದ್ದರು. ಲಾಭವೆಲ್ಲ ಈಗ ಕೊಂಡಿಟ್ಟ ದಲ್ಲಾಳಿಗಳಿಗೆ. ಮೂಲ ಒಡೆಯರಿಗೂ ಪಾಲು ಸಿಗಲೆಂದು ಜೇಮ್ಸ್ ಮ್ಯಾಡಿಸನ್ ತಂದ ಸೂಚನೆಯನ್ನು ಪ್ರತಿನಿಧಿ ಸಭೆ 36ಕ್ಕೆ 13 ಮತಗಳಿಂದ ತಳ್ಳಿಹಾಕಿತು. ಎರಡು ವರ್ಷದ ಹಿಂದೆ ಹ್ಯಾಮಿಲ್ಟನ್ ಜೊತೆಗೂಡಿ ‘ಫೆಡರಲಿಸ್ಟ್’ ಪ್ರಬಂಧಗಳನ್ನು ಬರೆದಿದ್ದ, ಗುಂಪುಗಾರಿಕೆಯ ಕೇಡನ್ನು ಹತೋಟಿಯಲ್ಲಿಡುವುದು ಹೇಗೆಂದು ವಿವರಿಸಿದ್ದ ಮ್ಯಾಡಿಸನ್ ಈಗ ತಾನೇ ಒಂದು ಗುಂಪಿನ ಮುಂದಾಳು. ಸಾಲದ ವಿಷಯ ಜೆಫರ್ಸನ್ ಏರ್ಪಡಿಸಿದ ಒಂದು ಔತಣದಲ್ಲಿ ಕುದುರಿತು. ಕೇಂದ್ರ ಸಾಲ ವಹಿಸಿಕೊಳ್ಳಲಿ, ಬದಲಿಗೆ ರಾಜಧಾನಿ ದಕ್ಷಿಣದ ಪೊಟೊಮ್ಯಾಕ್ ದಡಕ್ಕೆ ಬರಲಿ ಎಂಬುದು ಕೊಟ್ಟು ತೆಗೆದುಕೊಂಡ ಒಪ್ಪಂದ. 1791ರ ರಾಷ್ಟ್ರೀಯ ಬ್ಯಾಂಕಿನ ವಿಷಯದಲ್ಲಿ ಇಂಥ ರಾಜಿಗೆ ಅವಕಾಶವಾಗಲಿಲ್ಲ. ಸಂವಿಧಾನದಲ್ಲಿ ಬರೆದಿರುವಷ್ಟೇ ಅಧಿಕಾರ ಎಂದ ಜೆಫರ್ಸನ್. ಗುರಿ ಸಾಧಿಸಲು ಬೇಕಾದ ದಾರಿಯೂ ಅಧಿಕಾರದಲ್ಲಿ ಸೇರಿದೆ ಎಂದ ಹ್ಯಾಮಿಲ್ಟನ್. ವಾಷಿಂಗ್ಟನ್ ಹ್ಯಾಮಿಲ್ಟನ್ ಮಾತಿಗೆ ಓಗೊಟ್ಟು ಮಸೂದೆಗೆ ಸಹಿ ಹಾಕಿದ.

ಜಗಳ ಪತ್ರಿಕೆಗಳಿಗೆ ಇಳಿಯಿತು. ಜಾನ್ ಫೆನೊನ ಪತ್ರಿಕೆ ಹ್ಯಾಮಿಲ್ಟನ್ ಕಡೆಗೆ. ಅದಕ್ಕೆ ಎದುರಾಗಿ 1791ರಲ್ಲಿ ‘ನ್ಯಾಷನಲ್ ಗೆಜೆಟ್’ ತೆಗೆದ ಕವಿ ಫಿಲಿಪ್ ಫ್ರೆನೊಗೆ ಜೆಫರ್ಸನ್ ತನ್ನ ಇಲಾಖೆಯಲ್ಲೇ ಅನುವಾದಕನ ನೌಕರಿ ಕೊಟ್ಟಿದ್ದ, ಅಂದರೆ ಸರ್ಕಾರದ ಸಂಬಳ ಪಡೆಯುತ್ತ ಸರ್ಕಾರವನ್ನೇ ಬೈಯುವ ಪತ್ರಿಕೆ. ಈ ಫ್ರೆನೊ ಕನ್ನಡ ನಾಡಿಗೆ ಪೂರ್ತಿ ಅಪರಿಚಿತನಲ್ಲ. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ‘ಜನರಲ್ ಮಂಕ್’ ಹಡಗನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ‘ಹೈದರ್ ಅಲಿ’. ಆ ಗೆಲುವನ್ನು ಹಾಡಿದ ಕವಿ ಇವನೇ. ಬ್ರಿಟಿಷರ ವಿರುದ್ಧ ಮೈಸೂರು ನಡೆಸುತ್ತಿದ್ದ ಕಾದಾಟ ಅಲ್ಲಿಯವರೆಗೂ ಕೇಳಿಬಂದಿತ್ತು.

ಫ್ರಾನ್ಸಿನ ಕ್ರಾಂತಿ, 1795ರಲ್ಲಿ ಸೆನೆಟ್ 20ಕ್ಕೆ 10ರಂತೆ ಒಪ್ಪಿದ ಬ್ರಿಟನ್ನಿನೊಡನೆಯ ಜೇ ಒಪ್ಪಂದ, ಇವು ಬಿರುಕನ್ನು ಅಗಲಿಸಿದವು. ವಿಸ್ಕಿ ಮೇಲಿನ ತೆರಿಗೆಯ ವಿರುದ್ಧ 1794ರಲ್ಲಿ ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ಬಂಡೆದ್ದಾಗ ವಾಷಿಂಗ್ಟನ್ ಸುಮಾರು 13 ಸಾವಿರ ಮಂದಿಯ ದಂಡು ಕಳಿಸಿದ. ಮರಣದಂಡನೆಗೆ ಗುರಿಯಾದ ಇಬ್ಬರನ್ನು ಆಮೇಲೆ ಕ್ಷಮಿಸಿದನಾದರೂ, ಸರ್ಕಾರವನ್ನು ಟೀಕಿಸುತ್ತಿದ್ದ ಜನಸಂಘಗಳೇ ದಂಗೆಗೆ ಕಾರಣ ಎಂದು ಬಹಿರಂಗವಾಗಿ ದೂರಿದ. ತಾನು ಪಕ್ಷಾತೀತ ಎಂದುಕೊಂಡಿದ್ದ ಅವನಿಗೂ ಟೀಕೆ ಮತ್ತು ದಂಗೆಗಳ ನಡುವಿನ ಅಂತರ ಸ್ಪಷ್ಟವಾಗಿರಲಿಲ್ಲ.

ಟೀಕೆಯೇ ಅಪರಾಧವಾದಾಗ

1796ರ ಚುನಾವಣೆ ಸಂವಿಧಾನದ ಕುರುಡುತನವನ್ನು ಬಯಲಿಗೆ ತಂದಿತು. ಹೆಚ್ಚು ಮತ ಪಡೆದವನು ಅಧ್ಯಕ್ಷ, ಎರಡನೆಯವನು ಉಪಾಧ್ಯಕ್ಷ ಎಂಬುದು ನಿಯಮ. ಆಡಮ್ಸ್‌ಗೆ 71, ಜೆಫರ್ಸನ್‌ಗೆ 68 ಬಂದು, ಎದುರಾಳಿ ಪಕ್ಷಗಳ ನಾಯಕರಿಬ್ಬರೂ ಒಂದೇ ಸರ್ಕಾರದ ತಲೆಯಾಳುಗಳಾದರು. ಫ್ರಾನ್ಸಿನೊಡನೆ ಕಡಲಕಾಳಗ ಶುರುವಾದ 1798ರಲ್ಲಿ ಆಡಮ್ಸ್, ಹ್ಯಾಮಿಲ್ಟನ್ ಪಕ್ಷದವರಾದ ಫೆಡರಲಿಸ್ಟರು ರಾಜದ್ರೋಹ ಕಾಯ್ದೆ ತಂದರು. ಅಧ್ಯಕ್ಷನ ಅಥವಾ ಕಾಂಗ್ರೆಸ್ಸಿನ ವಿರುದ್ಧ ಸುಳ್ಳು, ದ್ವೇಷದ ಬರಹ ಪ್ರಕಟಿಸಿದರೆ ಜೈಲು. ಸತ್ಯವೆಂದು ಸಾಬೀತುಮಾಡಿದರೆ ಪಾರಾಗುವ ಅವಕಾಶ ಕಾಯ್ದೆಯಲ್ಲಿತ್ತು, ಆದರೆ ರಾಜಕೀಯ ಅಭಿಪ್ರಾಯವನ್ನು ಸತ್ಯವೆಂದು ಸಾಬೀತುಮಾಡುವುದು ಹೇಗೆ? ಕಾಯ್ದೆಯ ರಕ್ಷಣೆ ಉಪಾಧ್ಯಕ್ಷನಿಗೆ ಇರಲಿಲ್ಲ, ಏಕೆಂದರೆ ಉಪಾಧ್ಯಕ್ಷ ಜೆಫರ್ಸನ್. ಆಡಮ್ಸ್‌ನನ್ನು ಟೀಕಿಸಿದ ವರ್ಮಾಂಟ್‌ನ ಸಂಸದ ಮ್ಯಾಥ್ಯೂ ಲಯನ್‌ಗೆ ನಾಲ್ಕು ತಿಂಗಳ ಜೈಲು, 1,000 ಡಾಲರ್ ದಂಡ. ಅವನು ಜೈಲಿನಲ್ಲಿದ್ದಾಗಲೇ ಕ್ಷೇತ್ರದ ಜನ ಅವನನ್ನು ಮತ್ತೆ ಗೆಲ್ಲಿಸಿದರು.

ಜೆಫರ್ಸನ್ ಮತ್ತು ಮ್ಯಾಡಿಸನ್ ಗುಟ್ಟಾಗಿ ಕೆಂಟಕಿ, ವರ್ಜೀನಿಯಾ ಶಾಸನಸಭೆಗಳಿಗೆ ನಿರ್ಣಯಗಳನ್ನು ಬರೆದುಕೊಟ್ಟರು. ಕೇಂದ್ರ ಎಲ್ಲೆ ಮೀರಿದೆಯೇ ಎಂದು ತೀರ್ಮಾನಿಸುವ ಹಕ್ಕು ರಾಜ್ಯಗಳಿಗೂ ಇದೆ ಎಂಬುದು ಅವುಗಳ ಸಾರ. ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ಹುಟ್ಟಿದ ಈ ವಾದವನ್ನೇ 1832ರಲ್ಲಿ ದಕ್ಷಿಣ ಕೆರೊಲಿನಾ ಕೇಂದ್ರದ ಸುಂಕ ಕಾಯ್ದೆಯನ್ನು ಧಿಕ್ಕರಿಸಲು ಬಳಸಿತು. ಆಡಮ್ಸ್ ವಿಷಯದಲ್ಲೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಯುದ್ಧಕ್ಕಾಗಿ ತನ್ನ ಪಕ್ಷ ತುದಿಗಾಲಲ್ಲಿ ನಿಂತಿದ್ದಾಗ ಅವನು ಫ್ರಾನ್ಸಿಗೆ ಶಾಂತಿ ದೂತರನ್ನು ಕಳಿಸಿದ. ದೇಶ ಯುದ್ಧದಿಂದ ಪಾರಾಯಿತು, ಪಕ್ಷ ಒಡೆಯಿತು. ಹ್ಯಾಮಿಲ್ಟನ್ 1800ರಲ್ಲಿ ತನ್ನ ಪಕ್ಷದ ಅಧ್ಯಕ್ಷನ ವಿರುದ್ಧವೇ ಕಿರುಹೊತ್ತಿಗೆ ಅಚ್ಚು ಹಾಕಿಸಿದ.

1801: ಅಧಿಕಾರ ಕೈ ಬದಲಾದ ಬಗೆ

1800ರ ಚುನಾವಣೆಯಲ್ಲಿ ಜೆಫರ್ಸನ್‌ಗೂ ಅವನದೇ ಪಕ್ಷದ ಏರನ್ ಬರ್‌ಗೂ ತಲಾ 73 ಮತ ಬಂದವು, ಆಡಮ್ಸ್‌ಗೆ 65. ಸಮಬಲವಾದ್ದರಿಂದ ತೀರ್ಪು ಪ್ರತಿನಿಧಿ ಸಭೆಗೆ ಹೋಯಿತು. ಅಲ್ಲಿ ರಾಜ್ಯಕ್ಕೊಂದು ಮತ, 16 ರಾಜ್ಯಗಳಲ್ಲಿ 9 ಬೇಕು. ಜೆಫರ್ಸನ್ 8ರಲ್ಲಿ ನಿಂತ, ಬರ್ 6ರಲ್ಲಿ, ಎರಡು ರಾಜ್ಯಗಳು ಒಳಗೇ ಸಮನಾಗಿ ಒಡೆದಿದ್ದವು. ಫೆಬ್ರುವರಿ 11ರಿಂದ 17ರವರೆಗೆ 35 ಸುತ್ತು ಮತ ಹಾಕಿದರೂ ಗಂಟು ಬಿಡಲಿಲ್ಲ. ಅಧಿಕಾರ ಕಿತ್ತುಕೊಂಡರೆ ಸುಮ್ಮನಿರುವುದಿಲ್ಲವೆಂದು ಪೆನ್ಸಿಲ್ವೇನಿಯಾ, ವರ್ಜೀನಿಯಾಗಳ ಗವರ್ನರುಗಳು ಸೇನೆ ಸಜ್ಜುಮಾಡುವ ಮಾತಾಡುತ್ತಿದ್ದರು. ಜೆಫರ್ಸನ್ ಎದುರಾಳಿಯಾದರೂ ತತ್ವವುಳ್ಳವನು, ಬರ್‌ಗೆ ಅದೂ ಇಲ್ಲ ಎಂದು ಹ್ಯಾಮಿಲ್ಟನ್ ತನ್ನ ಪಕ್ಷದವರಿಗೆ ಪತ್ರದ ಮೇಲೆ ಪತ್ರ ಬರೆದ.

ಡೆಲವೇರ್‌ನ ಏಕೈಕ ಸಂಸದ, ಫೆಡರಲಿಸ್ಟ್ ಜೇಮ್ಸ್ ಬೇಯಾರ್ಡ್ ಕೊನೆಗೆ ಹಿಂದೆ ಸರಿದ. 36ನೇ ಸುತ್ತಿನಲ್ಲಿ ಅವನು ಖಾಲಿ ಚೀಟಿ ಹಾಕಿದ. ವರ್ಮಾಂಟ್‌ನ ಫೆಡರಲಿಸ್ಟ್ ಸಂಸದ ಸಭೆಗೇ ಬರಲಿಲ್ಲ. ಹಾಗಾಗಿ ಆ ರಾಜ್ಯದ ಮತ ಉಳಿದೊಬ್ಬ ಸಂಸದನ ಕೈಗೆ ಬಂತು. ಅವನೇ ಜೈಲಿಗೆ ಹೋಗಿ ಬಂದ ಮ್ಯಾಥ್ಯೂ ಲಯನ್. ಮೇರಿಲ್ಯಾಂಡ್ ಕೂಡ ವಾಲಿ, ಜೆಫರ್ಸನ್‌ಗೆ 10 ರಾಜ್ಯಗಳಾದವು. ಮಾರ್ಚ್ 4ರಂದು ಅವನು ಪ್ರಮಾಣ ವಚನ ಸ್ವೀಕರಿಸುವ ಮುನ್ನ, ಬೆಳಗಿನ ಜಾವವೇ ಆಡಮ್ಸ್ ಊರು ಬಿಟ್ಟಿದ್ದ. ಕೈ ಕುಲುಕಿ ಹೋಗುವ ದೊಡ್ಡಸ್ತಿಕೆ ಅವನಿಗಿರಲಿಲ್ಲ, ಆದರೆ ಹೋದ. ಗಣರಾಜ್ಯಕ್ಕೆ ಅಷ್ಟು ಸಾಕಾಗಿತ್ತು. ಇಡೀ ಪ್ರಕರಣದಲ್ಲಿ ಮಹಾತ್ಯಾಗಿಗಳು ಕಾಣುವುದಿಲ್ಲ. ಮುಂದಿನ ದಾರಿ ಯಾದವೀ ಕಲಹ ಎಂದು ಅರಿತು ಸಮಯಕ್ಕೆ ಹೆಜ್ಜೆ ಹಿಂದಿಟ್ಟವರು ಕಾಣುತ್ತಾರೆ.

ಗೆದ್ದವರೂ ಸಂಯಮ ತೋರಿದರು. ಜೆಫರ್ಸನ್ ವಿಸ್ಕಿ ತೆರಿಗೆ ತೆಗೆದ, ಸೇನೆಯ ಖರ್ಚು ಇಳಿಸಿದ, ಆದರೆ ಹ್ಯಾಮಿಲ್ಟನ್ ಕಟ್ಟಿದ ಬ್ಯಾಂಕನ್ನು ಕೆಡವಲಿಲ್ಲ. ಸಂವಿಧಾನದ ಅಕ್ಷರ ಮೀರಬಾರದೆನ್ನುತ್ತಿದ್ದವನು 1803ರಲ್ಲಿ 1.5 ಕೋಟಿ ಡಾಲರ್‌ಗೆ ಫ್ರಾನ್ಸಿನಿಂದ ಲೂಸಿಯಾನಾ ಕೊಂಡು ದೇಶದ ವಿಸ್ತಾರವನ್ನು ಇಮ್ಮಡಿಗೊಳಿಸಿದ. ಹಾಗೆ ಕೊಳ್ಳಲು ಸಂವಿಧಾನದಲ್ಲಿ ಸ್ಪಷ್ಟ ಅಧಿಕಾರವಿರಲಿಲ್ಲ. ಅದೇ ವರ್ಷ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ಮಾರ್ಬರಿ ಪ್ರಕರಣದಲ್ಲಿ ಜೆಫರ್ಸನ್ ಸರ್ಕಾರಕ್ಕೆ ಬೇಕಾದ ಫಲಿತಾಂಶವನ್ನೇ ಕೊಟ್ಟು, ಕಾನೂನುಗಳ ಸಿಂಧುತ್ವ ಪರಿಶೀಲಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಇಟ್ಟುಕೊಂಡ. ಫೆಡರಲಿಸ್ಟ್ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಚೇಸ್‌ನ ವಾಗ್ದಂಡನೆಗೆ ಜೆಫರ್ಸನ್ ಪಕ್ಷದವರಾದ ರಿಪಬ್ಲಿಕನ್ನರು ಕೈ ಹಾಕಿದರು. 34 ಸದಸ್ಯರ ಸೆನೆಟ್‌ನಲ್ಲಿ ಅವರ ಬಲ 25, ಬೇಕಾಗಿದ್ದದ್ದು 23. ಆದರೂ ಯಾವ ಆರೋಪಕ್ಕೂ 19ಕ್ಕಿಂತ ಹೆಚ್ಚು ಮತ ಬೀಳಲಿಲ್ಲ, 1805ರಲ್ಲಿ ಚೇಸ್ ಪಾರಾದ. ಆ ವಿಚಾರಣೆಯ ಅಧ್ಯಕ್ಷತೆ ವಹಿಸಿದ್ದವನು ಉಪಾಧ್ಯಕ್ಷ ಬರ್. ಅದಕ್ಕೆ ಕೆಲವೇ ತಿಂಗಳ ಹಿಂದೆ, 1804ರ ಜುಲೈ 11ರಂದು ದ್ವಂದ್ವಯುದ್ಧದಲ್ಲಿ ಅವನು ಹ್ಯಾಮಿಲ್ಟನ್‌ನನ್ನು ಕೊಂದಿದ್ದ. ಮಾನಾಪಮಾನದ ಇಂಥ ಕಾದಾಟಗಳು ಆಗಿನ ರಾಜಕಾರಣದ ಒಳವ್ಯಾಕರಣವೇ ಆಗಿದ್ದವು ಎಂದು ಜೊಯಾನ್ ಫ್ರೀಮನ್ 2001ರ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ. ಪಕ್ಷ ಗಟ್ಟಿಯಾಗಿಲ್ಲದ ಕಡೆ ವ್ಯಕ್ತಿಯ ಮರ್ಯಾದೆಯೇ ಬಂಡವಾಳ.

ಗೆರೆ ಎಳೆದ ಜಾಗ

ಇಷ್ಟರವರೆಗಿನ ಕಥೆ ಬಿಳಿಯ ಗಂಡಸರ ನಡುವಿನದು. 1790ರ ಜನಗಣತಿಯಲ್ಲಿ ದೇಶದ ಜನ 39 ಲಕ್ಷ, ಅವರಲ್ಲಿ ಸುಮಾರು 7 ಲಕ್ಷ ಗುಲಾಮರು. 1820ಕ್ಕೆ ಗುಲಾಮರ ಸಂಖ್ಯೆ 15 ಲಕ್ಷ ದಾಟಿತು. ಸಂವಿಧಾನದ ಪ್ರಕಾರ ಪ್ರತಿನಿಧಿಗಳ ಹಂಚಿಕೆಯಲ್ಲಿ ಐವರು ಗುಲಾಮರನ್ನು ಮೂವರೆಂದು ಎಣಿಸಬೇಕು. ಮತ ಇಲ್ಲದವರ ತಲೆ ಎಣಿಸಿ ಒಡೆಯರಿಗೆ ಹೆಚ್ಚಿನ ಬಲ ಕೊಟ್ಟ ಲೆಕ್ಕ ಅದು. ಇದಿಲ್ಲದಿದ್ದರೆ 1800ರಲ್ಲಿ ಗುಲಾಮರನ್ನು ಇಟ್ಟುಕೊಂಡಿರದ ಆಡಮ್ಸ್ ಗೆಲ್ಲುತ್ತಿದ್ದ ಎಂಬುದು ಗ್ಯಾರಿ ವಿಲ್ಸ್ ಅವರ ವಾದ. ಅಂತರ 8 ಮತಗಳದ್ದು ಎಂಬುದನ್ನು ನೆನೆದರೆ ತಳ್ಳಿಹಾಕುವುದು ಕಷ್ಟ. ಮೊದಲ 36 ವರ್ಷಗಳಲ್ಲಿ 32 ವರ್ಷ ಅಧ್ಯಕ್ಷ ಪದವಿ ವರ್ಜೀನಿಯಾದ ಗುಲಾಮ ಒಡೆಯರ ಕೈಯಲ್ಲಿತ್ತು.

ಗುಲಾಮಗಿರಿ ತಪ್ಪೆಂದು ಆ ಕಾಲದವರಿಗೆ ತಿಳಿದಿರಲಿಲ್ಲ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. 1790ರಲ್ಲೇ ಬೆಂಜಮಿನ್ ಫ್ರಾಂಕ್ಲಿನ್ ಸಹಿ ಹಾಕಿದ ಗುಲಾಮಗಿರಿ ವಿರೋಧಿ ಮನವಿ ಕಾಂಗ್ರೆಸ್ಸಿಗೆ ಬಂದಿತ್ತು. ರಾಜ್ಯಗಳೊಳಗಿನ ಗುಲಾಮಗಿರಿಯಲ್ಲಿ ಕೈ ಹಾಕುವ ಅಧಿಕಾರ ತನಗಿಲ್ಲವೆಂದು ಸಭೆ ಕೈ ತೊಳೆದುಕೊಂಡಿತು. ವಾಷಿಂಗ್ಟನ್ ಪದವಿ ಬಿಡುವುದಾಗಿ ಪ್ರಕಟಿಸಿದ 1796ರಲ್ಲಿಯೇ ಓನಾ ಜಡ್ಜ್ ಎಂಬ ಯುವತಿ ಫಿಲಡೆಲ್ಫಿಯಾದ ಅವನ ಮನೆಯಿಂದ ತಪ್ಪಿಸಿಕೊಂಡು ನ್ಯೂ ಹ್ಯಾಂಪ್‌ಶೈರ್ ಸೇರಿದಳು. ದೇಶದ ಅಧಿಕಾರ ಬಿಡಲು ಸಿದ್ಧನಿದ್ದವನು ಅವಳನ್ನು ಬಿಡಲು ಒಪ್ಪದೆ ಮರಳಿ ಹಿಡಿತರಿಸಲು ಯತ್ನಿಸಿದ. ಕೊನೆಗೆ ಉಯಿಲಿನಲ್ಲಿ ತನ್ನ ಒಡೆತನದ 123 ಗುಲಾಮರ ಬಿಡುಗಡೆಗೆ ಬರೆದಿಟ್ಟ. ಜೆಫರ್ಸನ್ ಅಷ್ಟನ್ನೂ ಮಾಡಲಿಲ್ಲ. ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ಅವನು ತೀರಿಕೊಂಡ ಮೇಲೆ, ಸಾಲ ತೀರಿಸಲು 1827ರ ಜನವರಿಯಲ್ಲಿ ಅವನ ಮಾಂಟಿಸೆಲೊ ಎಸ್ಟೇಟಿನಲ್ಲಿ ಸುಮಾರು 130 ಮಂದಿಯನ್ನು ಹರಾಜಿಗೆ ಇಟ್ಟರು.

ಆಸ್ತಿಯಿಲ್ಲದ ಬಿಳಿಯರಿಗೆ ಮತದ ಹಕ್ಕು ಹಿಗ್ಗಿದಂತೆ ಉಳಿದವರಿಗೆ ಕುಗ್ಗಿತು. ನ್ಯೂಜೆರ್ಸಿಯಲ್ಲಿ ಆಸ್ತಿಯುಳ್ಳ ಒಂಟಿ ಹೆಂಗಸರು ಹಾಕುತ್ತಿದ್ದ ಮತ 1807ರಲ್ಲಿ ನಿಂತಿತು. ನ್ಯೂಯಾರ್ಕ್ 1821ರಲ್ಲಿ 250 ಡಾಲರ್ ಆಸ್ತಿಯ ನಿಬಂಧನೆಯನ್ನು ಕಪ್ಪು ಜನರಿಗೆ ಮಾತ್ರ ಹೇರಿತು. ಮೂಲನಿವಾಸಿಗಳ ವಿಷಯದಲ್ಲೂ ಇದೇ. 1791ರಲ್ಲಿ ಒಹಾಯೊ ಸೀಮೆಯಲ್ಲಿ ಮಿಯಾಮಿ, ಶಾವ್ನೀ ಯೋಧರು ಸೇಂಟ್ ಕ್ಲೇರ್‌ನ ದಂಡನ್ನು ಸೋಲಿಸಿ 600ಕ್ಕೂ ಹೆಚ್ಚು ಸೈನಿಕರನ್ನು ಕೊಂದಾಗ ಕಾಂಗ್ರೆಸ್ ವಿಚಾರಣೆ ನಡೆಸಿತು. ಸೋತದ್ದೇಕೆ ಎಂದು ವಿಚಾರಿಸಿದರೇ ಹೊರತು ಆ ನೆಲ ಯಾರದ್ದೆಂದು ಕೇಳಲಿಲ್ಲ.

ಪಕ್ಷ ಮರ್ಯಾದಸ್ಥ ಸಂಸ್ಥೆಯಾದದ್ದು

ಬ್ರಿಟನ್ನಿನೊಡನೆಯ 1812ರ ಯುದ್ಧವನ್ನು ವಿರೋಧಿಸಿ ಹಾರ್ಟ್‌ಫರ್ಡ್‌ನಲ್ಲಿ ಸಭೆ ಸೇರಿದ ಫೆಡರಲಿಸ್ಟರು ದ್ರೋಹಿಗಳೆನಿಸಿಕೊಂಡು ಅಳಿದುಹೋದರು. 1820ರಲ್ಲಿ ಅಧ್ಯಕ್ಷ ಜೇಮ್ಸ್ ಮನ್ರೊ ವಿರುದ್ಧ ಬಿದ್ದದ್ದು ಒಂದೇ ಮತ. ಪಕ್ಷವಿಲ್ಲದ ಗಣರಾಜ್ಯದ ಹಳೆಯ ಕನಸು ನನಸಾದಂತಿತ್ತು. ಆದರೆ ಅದೇ ವರ್ಷ ಮಿಸೌರಿ ಗುಲಾಮ ರಾಜ್ಯವಾಗಬೇಕೇ ಎಂಬ ಪ್ರಶ್ನೆ ಉತ್ತರ ದಕ್ಷಿಣಗಳನ್ನು ಎದುರುಬದುರು ನಿಲ್ಲಿಸಿತು. 1824ರಲ್ಲಿ ನಾಲ್ವರು ಸ್ಪರ್ಧಿಸಿ, ಹೆಚ್ಚು ಮತ ಪಡೆದ ಆಂಡ್ರ್ಯೂ ಜಾಕ್ಸನ್ ಬದಲು ಪ್ರತಿನಿಧಿ ಸಭೆ ಜಾನ್ ಕ್ವಿನ್ಸಿ ಆಡಮ್ಸ್‌ನನ್ನು ಆರಿಸಿತು.

ನ್ಯೂಯಾರ್ಕ್‌ನ ಮಾರ್ಟಿನ್ ವ್ಯಾನ್ ಬ್ಯೂರನ್ ಇದರಿಂದ ಹೊಸ ಪಾಠ ಕಲಿತ. ಪಕ್ಷ ರೋಗವಲ್ಲ, ಮದ್ದು ಎಂದ. ದಕ್ಷಿಣದ ತೋಟದೊಡೆಯರನ್ನೂ ಉತ್ತರದ ಸಾಮಾನ್ಯ ರಿಪಬ್ಲಿಕನ್ನರನ್ನೂ ಒಂದುಗೂಡಿಸಿದರೆ ಗುಲಾಮಗಿರಿಯ ಜಗಳ ತಣ್ಣಗಾಗುತ್ತದೆ ಎಂದು 1827ರಲ್ಲಿ ವರ್ಜೀನಿಯಾದ ಸಂಪಾದಕನೊಬ್ಬನಿಗೆ ಬರೆದ. 1824ರಲ್ಲಿ ಸುಮಾರು ಮೂರೂವರೆ ಲಕ್ಷವಿದ್ದ ಜನಮತ 1828ರಲ್ಲಿ 11 ಲಕ್ಷ ದಾಟಿತು. ಜಾಕ್ಸನ್ ಗೆದ್ದ. ಎರಡೇ ವರ್ಷದಲ್ಲಿ ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯಾಚೆಗೆ ಅಟ್ಟುವ ಕಾಯ್ದೆ ಪ್ರತಿನಿಧಿ ಸಭೆಯಲ್ಲಿ 102ಕ್ಕೆ 97ರಂತೆ ಪಾಸಾಯಿತು. ಪಕ್ಷ ಪದ್ಧತಿ ಗಟ್ಟಿಯಾದದ್ದು ಹೀಗೆ. ಅದು ಸಾಮಾನ್ಯ ಬಿಳಿಯನನ್ನು ರಾಜಕಾರಣಕ್ಕೆ ತಂದಿತು, ಗುಲಾಮಗಿರಿಯ ಪ್ರಶ್ನೆಯನ್ನು ಹೊರಗಿಟ್ಟಿತು.

ಆದ್ದರಿಂದ ಈ ಪೀಳಿಗೆಯನ್ನು ದೇವರ ಗೂಡಿನಲ್ಲಿಡುವುದೂ ಸಲ್ಲದು, ಕಪಟಿಗಳೆಂದು ಒಂದೇ ಮಾತಿನಲ್ಲಿ ತಳ್ಳುವುದೂ ಸಲ್ಲದು. ಸೋತವನು ಮನೆಗೆ ಹೋಗಬೇಕು, ಗೆದ್ದವನು ಸೋತವನನ್ನು ಜೈಲಿಗೆ ಹಾಕಬಾರದು ಎಂಬ ರೂಢಿಯನ್ನು ಅವರು ಜಗತ್ತಿಗೆ ಮಾಡಿ ತೋರಿಸಿದರು. ಈ ಸಾಧನೆ ಚಿಕ್ಕದಲ್ಲ. ಆದರೆ ಆ ರೂಢಿ 60 ವರ್ಷ ಮಾತ್ರ ಬಾಳಿತು. 1860ರಲ್ಲಿ ಅಬ್ರಹಾಂ ಲಿಂಕನ್ ಗೆದ್ದಾಗ ದಕ್ಷಿಣದ ರಾಜ್ಯಗಳು ಚುನಾವಣೆಯ ಫಲಿತಾಂಶವನ್ನು ಒಪ್ಪದೆ ಒಕ್ಕೂಟ ಬಿಟ್ಟು ನಡೆದವು. ಕಾರಣ ಅವೇ ಹೇಳಿಕೊಂಡಂತೆ ಗುಲಾಮಗಿರಿ. ಸ್ಥಾಪಕರು ಬಿಡದೆ ಉಳಿಸಿಕೊಂಡ ಒಡೆತನವೇ ಅವರು ಕಲಿಸಿದ ಪಾಠವನ್ನು ಮುರಿಯಿತು, ಅದರ ಬೆಲೆಯಾಗಿ ಅಂತರ್ಯುದ್ಧದಲ್ಲಿ 6 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು.